ಎಡಗಡೆಯ ಟಿವಿ

ನಾನು ಮೈಕ್ ಹಿಡಿದು ಬಂಟ್ವಾಳದಲ್ಲಿ ಒಂದು ಮಾತು ಹೇಳಿದರೆ ಅದು ಬೆಳ್ತಂಗಡಿಯಲ್ಲಿ ಕೇಳಿಸುತ್ತದೆ. ಗಾಳಿ ಸರಿಯಾಗಿದ್ದರೆ ಚಾರ್ಮಾಡಿ ಘಾಟಿ ಹತ್ತಿ ಆಚೆಗೂ ಇಳಿಯುತ್ತದೆ. ಕಬಡ್ಡಿಯಾಗಲಿ, ವಾಲಿಬಾಲ್ ಆಗಲಿ, ಮದುವೆ ಹಾಲಿನ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಊಟಕ್ಕೆ ಕೂತವರನ್ನು ಎಬ್ಬಿಸುವುದಾಗಲಿ, ನಿತ್ಯಾನಂದ ಶೆಟ್ಟಿಯ ಗಂಟಲಿಲ್ಲದೆ ಈ ಕಡೆ ಯಾವ ಕಾರ್ಯಕ್ರಮವೂ ನಡೆಯುವುದಿಲ್ಲ. ನಾನು ‘ರೈಡ್’ ಎಂದು ಕೂಗಿದರೆ ಆಟಗಾರ ಇನ್ನೂ ಹೊರಗೆ ನೀರು ಕುಡಿಯುತ್ತಿದ್ದರೂ ಜನ ಚಪ್ಪಾಳೆ ಹೊಡೆಯುತ್ತಾರೆ.

ಅಂಥ ನಾನು ಈಗ ಮೂಡುಬಿದಿರೆಗೆ ಹೋಗುವಾಗ ಬಸ್ ಸ್ಟ್ಯಾಂಡಿಗಿಂತ ಒಂದು ಸ್ಟಾಪ್ ಮೊದಲೇ ಇಳಿದು, ತಲೆ ಬಗ್ಗಿಸಿ ನಡೆಯುತ್ತೇನೆ. ಎಲ್ಲ ಒಂದು ಟಿವಿಯಿಂದ.

ಬಿ.ಸಿ.ರೋಡಿನಲ್ಲಿ ಅಸ್ಕರ್‌ನ ಗೇಮ್ ಅಂಗಡಿ ಇದೆ, ಗಂಟೆಗೆ ಇಂತಿಷ್ಟು ಕೊಟ್ಟು ಟಿವಿಯಲ್ಲಿ ಆಡುವುದು. ಅವನದ್ದು ಎಕ್ಸ್‌ಬಾಕ್ಸ್ ಮಿಶಿನ್. ಮೂಡುಬಿದಿರೆಯಲ್ಲಿ ಬಸದಿಯ ಉಸ್ತುವಾರಿ ನೋಡಿಕೊಳ್ಳುವ ಶ್ರೀಪಾಲಣ್ಣನ ಮಗಳು ಗ್ರೀಷ್ಮಾ, ಓದು ಮುಗಿಸಿದವಳು, ಮನೆಯ ರಸ್ತೆ ಬದಿಯ ಕೋಣೆಯಲ್ಲಿ ಅಂಥದ್ದೇ ಅಂಗಡಿ ತೆರೆದಳು. ಅವಳದ್ದು ಪ್ಲೇಸ್ಟೇಷನ್. ಎರಡರಲ್ಲಿ ಯಾವುದು ಮೇಲು ಎಂದು ಹಾಸ್ಟೆಲ್ ಮಕ್ಕಳು ಸಿದ್ಧಕಟ್ಟೆಯ ಬಸ್ಸಿನಲ್ಲಿ ಜೋತುಬಿದ್ದುಕೊಂಡೇ ಜಗಳ ಮಾಡುತ್ತಿದ್ದರು. ಒಬ್ಬ, ಪ್ಲೇಸ್ಟೇಷನ್ನಿನ ಕಂಟ್ರೋಲರ್ ಹಿಡಿದರೆ ಆಟದೊಳಗೆ ಬಿದ್ದ ಮಳೆಹನಿ ಅಂಗೈಗೆ ಗೊತ್ತಾಗುತ್ತದೆ ಎನ್ನುವನು. ಇನ್ನೊಬ್ಬ, ಮಳೆ ಬೇಕಾದರೆ ಹೊರಗೆ ನಿಲ್ಲು, ಎಕ್ಸ್‌ಬಾಕ್ಸಿನಲ್ಲಿ ಒಮ್ಮೆ ಚಂದಾ ಕಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದಷ್ಟು ಆಟ ಎನ್ನುವನು. ಕಂಡಕ್ಟರ್ ಇಬ್ಬರಿಗೂ ಟಿಕೆಟ್ ಕೊಡಲು ಮರೆಯುವನು.

ಶ್ರೀಪಾಲಣ್ಣನಿಗೆ ಈ ಗೇಮು ಗೀಮಿನಲ್ಲಿ ನಂಬಿಕೆ ಇರಲಿಲ್ಲ. ಆ ಕೋಣೆಯನ್ನು ಜೆರಾಕ್ಸ್ ಅಂಗಡಿಯವನೊಬ್ಬ ಕೇಳುತ್ತಿದ್ದ. ಮಗಳಿಗೆ ಅವರು ಹೇಳಿದ್ದು ಇಷ್ಟೇ: “ನಿನ್ನ ಮಿಶಿನ್ ಒಳ್ಳೇದು ಅಂತ ಊರು ಹೇಳಲಿ. ಕೋಣೆ ನಿನ್ನದು. ಇಲ್ಲದಿದ್ರೆ ಬೀಗದ ಕೈ ಅವನಿಗೆ ಕೊಡ್ತೇನೆ.”

ಊರು ಹೇಳಬೇಕಾದರೆ ಊರಿಗೆ ಮೈಕ್ ಬೇಡವೇ? ನಾನು ನಡುವೆ ನುಗ್ಗಿದೆ.

“ಜೋಡಾಟ ಆಡಿಸುವ!” ಎಂದೆ.

ಜೋಡಾಟ ಎಂದರೆ ಒಂದೇ ಗದ್ದೆಯಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಯಕ್ಷಗಾನ ಮೇಳ, ಎರಡೂ ಕಡೆ ಒಂದೇ ಪ್ರಸಂಗ. ಯಾವ ಮೇಳದ ಮುಂದೆ ಜನ ಹೆಚ್ಚು ಸೇರುತ್ತಾರೋ ಅದು ಗೆದ್ದಿತು. ಎರಡು ಟಿವಿ, ಎರಡು ಮಿಶಿನ್, ಎರಡರಲ್ಲೂ ಒಂದೇ ಫುಟ್‌ಬಾಲ್ ಆಟ, ಎದುರು ತಂಡವನ್ನು ಮಿಶಿನೇ ಆಡಿಸುತ್ತದೆ. ಇಂಥ ಯೋಚನೆ ಬ್ರಹ್ಮಾಂಡದಲ್ಲಿ ನನ್ನೊಬ್ಬನ ತಲೆಗೆ ಮಾತ್ರ ಬರಲು ಸಾಧ್ಯ.

ಗ್ರೀಷ್ಮಾ ಫೋನ್ ಮಾಡಿದಳು. “ನಿತ್ಯಣ್ಣ, ನಾನು ನನ್ನ ಟಿವಿಯನ್ನೇ ತರ್ತೇನೆ, ಆಗದಾ? ಅದರಲ್ಲಿ ಆಡಿ ಅಭ್ಯಾಸ.”

“ಹಿಂದಿನ ಕಾಲದಲ್ಲಿ ಮೇಳದವರು ರಂಗಸ್ಥಳ ಹೊತ್ತುಕೊಂಡು ಬರ್ತಿದ್ರಾ ಮಾರಾಯ್ತಿ? ಕಂಬ ನೆಟ್ಟು ಮಾವಿನ ಸೊಪ್ಪು ಕಟ್ಟುವುದು ಆಟ ಆಡಿಸುವವರ ಕೆಲಸ. ವೇಷ ನಿಮ್ಮದು, ರಂಗಸ್ಥಳ ನಮ್ಮದು.”

ಬಲಗಡೆಗೆ ಚಿನ್ನಯ್ಯನ ಎಲೆಕ್ಟ್ರಿಕಲ್ ಅಂಗಡಿಯ ಹೊಸ ಟಿವಿ ಸಿಕ್ಕಿತು. ಎಡಗಡೆಗೆ ನನ್ನ ಮನೆಯದ್ದು. ಭಾವ ಕುವೈತಿನಿಂದ ಕಳಿಸಿದ್ದು. ಅದರ ಬಗ್ಗೆ ನಾನು ಹೇಳದ ಜನವಿಲ್ಲ: ಅದರಲ್ಲಿ ವಾರ್ತೆ ಓದುವ ಹೆಂಗಸು ಸೀನಿದರೆ ನಾವು ಮುಖ ಒರೆಸಿಕೊಳ್ಳಬೇಕು, ಅಡುಗೆ ಕಾರ್ಯಕ್ರಮ ನೋಡಿದರೆ ಹೊಟ್ಟೆ ತುಂಬುತ್ತದೆ, ಮೂರು ತಾಲೂಕಿಗೆ ಅಂಥದ್ದು ಅದೊಂದೇ.

ಭಾನುವಾರ ಮಧ್ಯಾಹ್ನ ಬಿ.ಸಿ.ರೋಡಿನ ಸಭಾಭವನದಲ್ಲಿ ಹತ್ತು ಸಾವಿರ ಜನ. ಕುರ್ಚಿ ಇದ್ದದ್ದು ಇನ್ನೂರು, ಹಿಂದಿನ ಸಾಲು ಖಾಲಿ ಇತ್ತು, ಆ ಮಾತು ಬೇರೆ. ಮೂಡುಬಿದಿರೆಯ ಹಾಸ್ಟೆಲ್ ಮಕ್ಕಳೇ ಅರ್ಧ. ಎದುರಿನ ಸಾಲಿನಲ್ಲಿ ಶ್ರೀಪಾಲಣ್ಣ, ಮಡಚಿದ ಶಾಲು ತೊಡೆಯ ಮೇಲೆ.

ಗ್ರೀಷ್ಮಾ ಎಡಗಡೆ ಕೂತು ತನ್ನ ಮಿಶಿನ್ ಜೋಡಿಸಿದಳು. ಕಂಟ್ರೋಲರ್ ಒತ್ತಿ ನೋಡಿದಳು. ಮತ್ತೆ ಒತ್ತಿದಳು. ನನ್ನನ್ನು ಕರೆದಳು.

“ನಿತ್ಯಣ್ಣ, ಇದರ ರಿಮೋಟ್ ಕೊಡಿ. ಗೇಮ್ ಮೋಡ್ ಹಾಕ್ಲಿಕ್ಕೆ ಉಂಟು.”

ರಿಮೋಟ್ ಹಿಂದಿನ ಮಳೆಗಾಲದಲ್ಲೇ ಗಂಜಿ ಪಾತ್ರೆಗೆ ಬಿದ್ದು ಪ್ರಾಣ ಬಿಟ್ಟಿತ್ತು. ಆನ್ ಆಫ್ ಮಾಡಲು ಕೆಳಗಿನ ಒಂದು ಗುಂಡಿ ಮಾತ್ರ. ಅದನ್ನು ಇಷ್ಟು ಜನರ ಎದುರು ಹೇಳುವುದೇ?

“ಈ ಟಿವಿಗೆ ಮೋಡ್ ಗೀಡ್ ಎಂತದೂ ಬೇಡ,” ಎಂದೆ, ಮೈಕಿನಲ್ಲೇ. “ಇದು ಕುವೈತಿನದ್ದು. ನೀನು ಮನಸ್ಸಿನಲ್ಲಿ ಎಣಿಸಿದ್ರೆ ಸಾಕು, ಇದಕ್ಕೆ ತಿಳಿಯುತ್ತದೆ!”

ಜನ ನಕ್ಕರು. ಅವಳು ಅಪ್ಪನ ಕಡೆ ಒಮ್ಮೆ ನೋಡಿ ಕಂಟ್ರೋಲರ್ ಎತ್ತಿಕೊಂಡಳು.

ಆಟ ಸುರುವಾಯಿತು. ಬಲಗಡೆ ಅಸ್ಕರ್ ಬೆರಳಾಡಿಸಿದಂತೆ ಅವನ ಆಟಗಾರರು ಓಡಿದರು. ಎಡಗಡೆ ಚಿತ್ರ ಬಹಳ ಚಂದ, ಹುಲ್ಲು ಎಷ್ಟು ಹಸಿರೆಂದರೆ ದನ ಬಂದು ಮೇಯಬೇಕು. ಆದರೆ ಗ್ರೀಷ್ಮಾ ಒತ್ತಿದ ಮೇಲೆ ಒಂದು ಗಳಿಗೆ ಏನೂ ಇಲ್ಲ. ಅವಳ ಆಟಗಾರ ಕಾಲೆತ್ತುವಷ್ಟರಲ್ಲಿ ಬಾಲ್ ಬೇರೆಯವನ ಕಾಲಲ್ಲಿ.

“ಎಡಗಡೆಯ ಮೇಳ ಗೋಲಿನ ಎದುರು!” ಎಂದು ನಾನು ಏರಿದೆ. “ಹೊಡಿ ಅಂದ್ರೆ ಹೊಡೆಯುವುದಿಲ್ಲ! ಎದುರಾಳಿ ಬಾಲ್ ಕಸಿದು, ಮನೆಗೆ ಹೋಗಿ ಊಟ ಮಾಡಿ, ಎಲೆ ಅಡಿಕೆ ಹಾಕಿ ಬಂದ ಮೇಲೆ ಕಾಲೆತ್ತುತ್ತಾನೆ!”

ಸಭಾಭವನ ಅಲ್ಲಾಡಿತು. ಜನ ನಕ್ಕದ್ದು ಕಿವಿಗೆ ಬಿದ್ದರೆ ನನ್ನ ನಾಲಿಗೆಗೆ ಬ್ರೇಕ್ ಇಲ್ಲ.

“ವೇಷಕ್ಕೆ ನಿದ್ದೆ ಬಂದಿದೆ, ಬಣ್ಣ ಹಚ್ಚುವ ಚೌಕಿಯಿಂದ ಯಾರಾದರೂ ಬಂದು ಎಬ್ಬಿಸಿ! ಮಹನೀಯರೇ, ಈ ಮಿಶಿನಿಗೆ ಊರುಗೋಲು ಕೊಡಿ! ಇದರಲ್ಲಿ ಆಡುವವರು ಬುತ್ತಿ ಕಟ್ಟಿಕೊಂಡು ಬನ್ನಿ, ಒಂದು ಗೋಲಿಗೆ ಎರಡು ದಿವಸ ಬೇಕು!”

ಹಾಸ್ಟೆಲ್ ಮಕ್ಕಳು ಕುರ್ಚಿ ಎತ್ತಿಕೊಂಡು ಬಲಗಡೆಗೆ ಸರಿದರು. ಎಡಗಡೆಯ ಟಿವಿಯ ಮುಂದೆ ಶ್ರೀಪಾಲಣ್ಣ ಒಬ್ಬರೇ ಉಳಿದರು. ಸ್ವಲ್ಪ ಹೊತ್ತಿನಲ್ಲಿ ಅವರೂ ಎದ್ದು, ಶಾಲು ಹೆಗಲಿಗೆ ಹಾಕಿ, ಯಾರನ್ನೂ ನೋಡದೆ ಹೊರಗೆ ನಡೆದರು. ಗ್ರೀಷ್ಮಾ ತಿರುಗಲಿಲ್ಲ. ಅವಳ ಕಿವಿ ಕೆಂಪಾದದ್ದು ನನಗೆ ವೇದಿಕೆಯಿಂದ ಕಂಡಿತು. ಆಟ ಮುಗಿಯುವವರೆಗೆ ಆಡಿದಳು, ತನ್ನ ಮಿಶಿನನ್ನು ಬ್ಯಾಗಿಗೆ ಹಾಕಿದಳು, ಹೋದಳು.

ಜನ ಚರುಮುರಿ ತಿನ್ನುತ್ತ ನಿಂತಿದ್ದರು. ಅಸ್ಕರ್ ಗೆದ್ದ ಖುಷಿಗೆ, ಹಸಿರು ಹುಲ್ಲು ನೋಡುವ ಆಸೆಗೆ, ತನ್ನ ಎಕ್ಸ್‌ಬಾಕ್ಸನ್ನು ನನ್ನ ಟಿವಿಗೆ ಸಿಕ್ಕಿಸಿದ. ಒತ್ತಿದ. ಹುಬ್ಬು ಗಂಟಿಕ್ಕಿ ಮತ್ತೆ ಒತ್ತಿದ.

“ಶೆಟ್ರೆ, ಸ್ವಲ್ಪ ಇಲ್ಲಿ ಬನ್ನಿ.”

ಹೋಗಿ ನೋಡಿದೆ. ಅವನ ಆಟಗಾರನೂ ಒಂದು ಗಳಿಗೆ ಯೋಚಿಸಿ ಕಾಲೆತ್ತುತ್ತಿದ್ದ.

“ಇದು ಆ ಹುಡುಗಿಯ ಮಿಶಿನಿನ ರೋಗ ಅಲ್ಲ. ನಿಮ್ಮ ಟಿವಿಯದ್ದು,” ಎಂದ ಅಸ್ಕರ್. “ಇದು ಬಂದ ಚಿತ್ರವನ್ನು ಬಂದ ಹಾಗೆ ತೋರಿಸುವುದಿಲ್ಲ. ಮೊದಲು ಒಳಗೆ ಅದಕ್ಕೆ ಬಣ್ಣ ಹಚ್ಚುತ್ತದೆ, ಚಂದ ಮಾಡುತ್ತದೆ, ಮತ್ತೆ ತೋರಿಸುತ್ತದೆ. ಅಷ್ಟರಲ್ಲಿ ಬಾಲ್ ಹೋಗಿ ಆಯ್ತಲ್ಲ! ಗೇಮ್ ಮೋಡ್ ಹಾಕಿದ್ರೆ ಆ ಬಣ್ಣದ ಕೆಲಸ ನಿಲ್ತದೆ. ಅವಳು ಅದಕ್ಕೇ ರಿಮೋಟ್ ಕೇಳಿದ್ದು.”

“ಸಣ್ಣಕ್ಕೆ ಮಾತಾಡು ಮಾರಾಯ.”

“ಎಂತ ಸಣ್ಣಕ್ಕೆ? ನಾನು ಗೆದ್ದದ್ದು ಸುಳ್ಳಾಯ್ತು. ಮೈಕ್ ನಿಮ್ಮ ಕೈಯಲ್ಲಿ ಉಂಟು, ಜನ ಇನ್ನೂ ಇದ್ದಾರೆ. ಹೇಳಿ.”

ಮೈಕ್ ಬಾಯಿಯ ಹತ್ತಿರ ತಂದೆ. ಎಲ್ಲರೂ ತಿರುಗಿ ನೋಡಿದರು, ಇನ್ನೊಂದು ತಮಾಷೆ ಸಿಗುತ್ತದೆಂಬ ಮುಖ. ಘಾಟಿ ದಾಟುವ ನನ್ನ ಗಂಟಲು ಹಲ್ಲು ದಾಟಲಿಲ್ಲ. ಕೊನೆಗೆ ಹೊರಬಂದದ್ದು, “ಬೆಳಕು ಮತ್ತು ಧ್ವನಿವರ್ಧಕ ಒದಗಿಸಿದವರಿಗೆ ಧನ್ಯವಾದಗಳು.”

ಅಸ್ಕರ್ ತನ್ನ ವಯರ್ ಸುತ್ತಿಕೊಂಡು ಹೋದ.

ಆ ವಾರ ನಮ್ಮ ಮನೆಯಲ್ಲಿ ಟಿವಿ ಹಾಕಿದಾಗಲೆಲ್ಲ ನಾನು ಎದ್ದು ಅಂಗಳಕ್ಕೆ ಹೋದೆ. ಶ್ರೀಪಾಲಣ್ಣ ಸೋಮವಾರ ಜೆರಾಕ್ಸಿನವನಿಗೆ ಬೀಗದ ಕೈ ಕೊಡುತ್ತಾರಂತೆ ಎಂದು ಚಿನ್ನಯ್ಯ ಹೇಳಿದ. ಶನಿವಾರ ಮೂಡುಬಿದಿರೆಯ ಬಸ್ ಹತ್ತಿದೆ.

ಶ್ರೀಪಾಲಣ್ಣ ಜಗಲಿಯಲ್ಲಿ ಕೂತಿದ್ದರು. ಅವರ ಹೆಂಡತಿ ಕಮಲಾವತಿಯಕ್ಕ ಬೆಲ್ಲ, ನೀರು ತಂದಿಟ್ಟರು. ಬಾಗಿಲ ಹಿಂದೆ ಗ್ರೀಷ್ಮಾ ಇದ್ದಳು. ಅವಳ ಚಪ್ಪಲಿ ಹೊಸ್ತಿಲಲ್ಲೇ ಇತ್ತು. ನಾನು ವೋಲ್ಟೇಜಿನ ವಿಷಯ ಹೇಳಿದೆ, ವಯರಿಂಗಿನ ವಿಷಯ ಹೇಳಿದೆ, ಕುವೈತಿನ ಹವೆಗೂ ಇಲ್ಲಿನ ಸೆಕೆಗೂ ಇರುವ ವ್ಯತ್ಯಾಸ ಹೇಳಿದೆ.

“ಶೆಟ್ರೆ,” ಎಂದರು ಅವರು, “ಟಿವಿ ಯಾರದ್ದು?”

“ನನ್ನದು.”

“ರಿಮೋಟ್ ಯಾಕೆ ಕೊಡ್ಲಿಲ್ಲ?”

“ಇರ್ಲಿಲ್ಲ. ಹಾಳಾಗಿತ್ತು. ಹೇಳ್ಲಿಕ್ಕೆ ನಾಚಿಕೆ ಆಯ್ತು.”

“ಮಿಶಿನ್?”

“ಮಿಶಿನಿಗೆ ಎಂತದೂ ಆಗಿಲ್ಲ. ಎರಡೂ ಸರಿ ಇದ್ದವು. ಅಸ್ಕರ್ ನನಗೆ ಅಲ್ಲೇ ತೋರಿಸಿದ. ನಾನೇ ಹೇಳ್ಲಿಲ್ಲ.”

ಬೆಲ್ಲ ಬಾಯಿಯಲ್ಲಿ ಕರಗಲಿಲ್ಲ. ಅವರು ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

“ನನ್ನ ಕಿವಿಗೆ ಹೇಳಿ ಎಂತ ಪ್ರಯೋಜನ?” ಎಂದರು ನಿಧಾನಕ್ಕೆ. “ನಾನು ಕೋಣೆ ಕೊಟ್ಟರೂ ಬರುವವರು ಯಾರು? ಆ ಮಕ್ಕಳು ಈಗಲೂ ಈ ದಾರಿಯಲ್ಲಿ ಹೋಗುವಾಗ ಬುತ್ತಿ ತಂದಿದ್ದೀಯಾ ಅಂತ ಕೇಳಿ ನಗ್ತಾರೆ. ನಗಿಸಿದ್ದು ಮೈಕಿನಲ್ಲಿ ಅಲ್ವಾ?”

ಮರುದಿನ ಬೆಳಿಗ್ಗೆ ಹುಕ್ರಪ್ಪನ ರಿಕ್ಷಾದ ಮೇಲೆ ಧ್ವನಿವರ್ಧಕ ಕಟ್ಟಿಸಿ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಬಳಿ ನಿಲ್ಲಿಸಿದೆ. ಹಾಸ್ಟೆಲ್ ಮಕ್ಕಳು ತಿಂಡಿಗೆ ಹೊರಬಂದ ಹೊತ್ತು. ನನ್ನ ಸ್ವರ ಕೇಳಿ ಗುಂಪು ಕಟ್ಟಿದರು.

“ಮಹನೀಯರೇ! ಹದಿನಾಲ್ಕು ಲೋಕಗಳಲ್ಲೇ ಅತಿ ದರಿದ್ರ ಟಿವಿಯ ಮಾಲಕ, ಈ ಮಹಾಪಾಪಿ ನಿತ್ಯಾನಂದ, ನಿಮ್ಮ ಪಾದಗಳಿಗೆ ಅಡ್ಡಬಿದ್ದು...”

ಮಕ್ಕಳು ಹೋ ಎಂದು ನಕ್ಕರು. ಒಬ್ಬ ಶಿಳ್ಳೆ ಹಾಕಿದ. ನನಗೂ ಹುರುಪು ಬಂತು. “ಆ ಟಿವಿಯನ್ನು ಕಂಡರೆ ಯಮನ ಕೋಣವೂ...” ಎನ್ನುವಷ್ಟರಲ್ಲಿ ರಿಕ್ಷಾದ ಬದಿಯಿಂದ ಯಾರೋ ನನ್ನ ತೋಳು ಮುಟ್ಟಿದರು. ಗ್ರೀಷ್ಮಾ. ಹಿಂದೆ ಅವಳ ಅಪ್ಪ.

“ನಿತ್ಯಣ್ಣ, ಅವರು ನಗ್ತಾ ಇದ್ದಾರೆ,” ಎಂದಳು. “ಹೀಗೆ ಹೇಳಿದ್ರೆ ಯಾರೂ ನಂಬುವುದಿಲ್ಲ. ಆದದ್ದು ಮಾತ್ರ ಹೇಳಿ.”

ಇಪ್ಪತ್ತು ವರ್ಷ ಮೈಕ್ ಹಿಡಿದವನಿಗೆ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

“ಹೋದ ಭಾನುವಾರ ಎಡಗಡೆ ಇಟ್ಟ ಟಿವಿ ನನ್ನದು,” ಎಂದೆ. “ಅದು ನಿಧಾನ. ಸರಿ ಮಾಡಲು ಗ್ರೀಷ್ಮಾ ರಿಮೋಟ್ ಕೇಳಿದಳು. ನನ್ನಲ್ಲಿ ಇರಲಿಲ್ಲ. ಇಲ್ಲ ಎಂದು ಹೇಳಲಿಲ್ಲ. ಅಸ್ಕರನ ಮಿಶಿನ್ ಕೂಡ ಆ ಟಿವಿಯಲ್ಲಿ ಹಾಗೆಯೇ ಆಡಿತು. ಅವಳ ಮಿಶಿನ್ ಸರಿ ಇತ್ತು. ನಾನು ಅವಳನ್ನು ನೋಡಿ ನಿಮ್ಮನ್ನು ನಗಿಸಿದೆ.”

ಯಾರೂ ನಗಲಿಲ್ಲ. ಮೈಕನ್ನು ಹಾಗೇ ಹಿಡಿದು ನಿಂತಿದ್ದೆ. ನನ್ನ ಉಸಿರು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಹುಕ್ರಪ್ಪನೇ ಕೈ ಚಾಚಿ ಸ್ವಿಚ್ ಆರಿಸಿದ.

ಶ್ರೀಪಾಲಣ್ಣ ಸೊಂಟದಿಂದ ಬೀಗದ ಕೈ ತೆಗೆದರು. ಮಗಳ ಕೈಗೆ ಕೊಡುವಾಗ ನನ್ನ ಕಡೆ ನೋಡಲಿಲ್ಲ. ಶಿಳ್ಳೆ ಹಾಕಿದ ಹುಡುಗನೇ ಮೊದಲು ಅವಳ ಹಿಂದೆ ಹೊರಟ, “ಇವತ್ತು ಓಪನ್ ಉಂಟಾ ಅಕ್ಕ?” ಎನ್ನುತ್ತ. ನನ್ನನ್ನು ಬಾ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಈಗಲೂ ಮೈಕ್ ಹಿಡಿಯುತ್ತೇನೆ. ಮೊನ್ನೆ ವೇಣೂರಿನಲ್ಲಿ ಒಬ್ಬ ರೈಡರ್ ಎರಡು ಪಾಯಿಂಟ್ ತಂದಾಗ, ಆಕಾಶ ಬಿರಿಯಿತು, ಭೂಮಿ ಬಾಯಿಬಿಟ್ಟಿತು ಎಂದು ಸುರುಮಾಡಿದ್ದೆ ಅಷ್ಟೇ. ಹಿಂದಿನ ಸಾಲಿನಿಂದ ಒಂದು ಸ್ವರ ಬಂತು, ಅಸ್ಕರನದ್ದೇ:

“ಶೆಟ್ರೇ, ಗೇಮ್ ಮೋಡ್ ಹಾಕಿ!”

ಇಡೀ ಮೈದಾನ ನಕ್ಕಿತು; ಟಿವಿಯ ಕತೆ ನನಗಿಂತ ಮೊದಲೇ ವೇಣೂರು ಮುಟ್ಟಿತ್ತು. ನಾನು ಗಂಟಲು ಸರಿಮಾಡಿಕೊಂಡು, “ಎರಡು ಪಾಯಿಂಟ್,” ಎಂದೆ.