ಹವಳಕ್ಕೆ ಒಂದು ಚೊಂಬು ನೀರು

ರಾಮೇಶ್ವರದ ಹತ್ತಿರದ ಮಂಡಪಂ ಕಡಲಿನಿಂದ ನಾನು ತಂದ ಹವಳ ಸಾಯುತ್ತಿತ್ತು. ಅದರ ಜೊತೆ ರಾಮಪ್ರಸಾದ ಮೇಷ್ಟ್ರ ಕೊನೆಯ ಮಾತೂ ಹೋಗುವುದರಲ್ಲಿತ್ತು.

ಮಾತು ಎಂದರೆ ಒಂದು ಬೆರಳು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ಮೇಷ್ಟ್ರಿಗೆ ಎಂಬತ್ಮೂರನೇ ಇಸವಿಯ ಯುಗಾದಿ ಕಳೆದ ವಾರ ಲಕ್ವ ಹೊಡೆದು, ಬಲಗೈ ಮತ್ತು ನಾಲಿಗೆ ಎರಡೂ ಒಟ್ಟಿಗೇ ರಜೆ ಹಾಕಿದವು. ಜಯನಗರದ ಮನೆಯ ಹಾಲಿನಲ್ಲಿ, ಬೆತ್ತದ ಕುರ್ಚಿಯಲ್ಲಿ ಕೂತು ಬರೀ ಗೋಡೆ ನೋಡುತ್ತಿದ್ದರು. ನಾನು ಅವರ ಹಳೆಯ ವಿದ್ಯಾರ್ಥಿ, ಈಗ ಜುವಾಲಜಿ ಲೆಕ್ಚರರ್. ಕಾಲೇಜಿನ ಟೂರಿನಲ್ಲಿ ಮುಷ್ಟಿಗಾತ್ರದ ಜೀವಂತ ಹವಳ ತಂದು, ಮದರಾಸಿನಿಂದ ಕ್ಯಾನುಗಳಲ್ಲಿ ಸಮುದ್ರದ ನೀರು ತರಿಸಿ, ಆ ಗೋಡೆಯ ಮುಂದೆ ಗಾಜಿನ ತೊಟ್ಟಿ ಇಟ್ಟೆ. ಸಂಜೆ ಆರರ ಹೊತ್ತಿಗೆ ಹವಳದ ಮೈಯಿಂದ ಎಸಳಿನಂಥ ಪುಟ್ಟ ಕೈಗಳು ಹೊರಬಂದವು. ಮೇಷ್ಟ್ರ ಎಡಗೈಯ ತೋರುಬೆರಳು ಮೇಲೆದ್ದಿತು. ಅಂದಿನಿಂದ ಅದು ಅರಳಿದಾಗಲೆಲ್ಲ ಇದು ಏಳುತ್ತಿತ್ತು.

"ನೋಡು ಸಂಜೀವ, 'ಹೂಂ' ಅಂದ್ರು!" ಎಂದು ಅವರ ಹೆಂಡತಿ ಕಮಲಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವರು.

ತೊಟ್ಟಿಯ ನೀರು ದಿನವೂ ಆರಿ ಇಳಿಯುತ್ತಿತ್ತು, ಉಪ್ಪು ಮಾತ್ರ ಉಳಿಯುತ್ತಿತ್ತು. "ಅಮ್ಮ, ನಲ್ಲಿ ನೀರನ್ನ ಹಾಗೇ ಹಾಕ್ಬೇಡಿ, ಬ್ಲೀಚಿಂಗ್ ಪೌಡರ್ ಇರುತ್ತೆ. ರಾತ್ರಿ ಹಿಡಿದಿಟ್ಟು ಬೆಳಿಗ್ಗೆ ಒಂದು ಚೊಂಬು ಹಾಕಿ, ಸಾಕು," ಎಂದಿದ್ದೆ. ಗಾಜಿನ ಮೇಲೆ ಗೆರೆಯನ್ನೂ ಎಳೆದು ಕೊಟ್ಟಿದ್ದೆ.

ಎರಡು ತಿಂಗಳು ಚೆನ್ನಾಗಿತ್ತು. ಶ್ರಾವಣದ ಮೂರನೇ ವಾರ ಹವಳದ ಕೈಗಳು ಅರ್ಧಕ್ಕೇ ನಿಂತವು. ಆಮೇಲೆ ಬುಡದಲ್ಲಿ ಬಿಳಿ ಕಾಣಿಸಿತು.

ನಾನಿದ್ದ ಜರಗನಹಳ್ಳಿಯಿಂದ ಸೈಕಲ್ ತುಳಿದು ದಿನಾ ಸಂಜೆ ಬರತೊಡಗಿದೆ. ಉಪ್ಪು ಅಳೆದೆ, ಸರಿ ಇತ್ತು. ಥರ್ಮಾಮೀಟರ್ ಇಳಿಬಿಟ್ಟೆ, ಅದೂ ಸರಿ. ಟ್ಯೂಬ್‌ಲೈಟ್ ಬದಲಾಯಿಸಿದೆ. ಕರೆಂಟ್ ಹೋದಾಗ ಗಾಳಿ ಪಂಪು ನಿಲ್ಲುವುದರಿಂದಲೋ ಏನೋ ಎಂದು ಬ್ಯಾಟರಿಯ ಪಂಪು ಜೋಡಿಸಿದೆ. ಕಾಲು ಭಾಗ ನೀರು ತೆಗೆದು ಹೊಸ ಸಮುದ್ರದ ನೀರು ಹಾಕಿದರೆ ಎರಡು ದಿನ ಚೇತರಿಸಿಕೊಂಡು ಮತ್ತೆ ಮುದುಡಿತು.

ಮೇಷ್ಟ್ರೂ ಹಟ ಹಿಡಿದಿದ್ದರು. "ಬೆಳಿಗ್ಗೆ ತೀರ್ಥ ಕೊಟ್ರೆ ತುಟಿ ಬಿಗಿ ಹಿಡೀತಾರೆ ಕಣೋ. ಬೆರಳಲ್ಲಿ ಕುರ್ಚಿ ಕುಟ್ಟುತಾರೆ. ದೇವರ ಮೇಲೆ ಸಿಟ್ಟು ಬಂದಿದೆ," ಎಂದು ಅಮ್ಮ ಸಣ್ಣಗೆ ಅಂದರು. "ಒಂದ್ಸಲ ಅವರ ಥರ ಮಾತಾಡೋ. ಆ ದನಿ ಮರೆತುಹೋಗ್ತಿದೆ ನಂಗೆ."

ನಾನು ಕಾಲೇಜಿನಲ್ಲಿ ಮೇಷ್ಟ್ರನ್ನು ಅಣಕಿಸಿ ಅವರಿಂದಲೇ ಕ್ಲಾಸಿನ ಹೊರಗೆ ಹಾಕಿಸಿಕೊಂಡವನು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೂಗಿನಲ್ಲೇ ಶುರುಮಾಡಿದೆ. "ತಾಮ್ರ, ಮೈ ಡಿಯರ್ ಫೆಲೋ, ಮನುಷ್ಯನಿಗೆ ಪಾತ್ರೆ, ಪಾಚಿಗೆ ಪಾಶ! ಚಿಟಿಕೆ ಸಾಕು, ನೀರಿನ ಹುಳುಹುಪ್ಪಟೆಗೆಲ್ಲ ನಮೋ ನಮಃ!"

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮೇಷ್ಟ್ರ ಬೆರಳು ಕುರ್ಚಿಯ ಕೈಯನ್ನು ಟಕಟಕ ಕುಟ್ಟಿತು.

"ಖುಷಿ ನೋಡಿ ಮೇಷ್ಟ್ರಿಗೆ!" ಎಂದೆ. ಇನ್ನೊಂದು ಸಲ ಹೇಳಿದೆ. ಅವರು ಇನ್ನೂ ಜೋರಾಗಿ ಕುಟ್ಟಿದರು. ಕಣ್ಣಲ್ಲಿ ನೀರಿತ್ತು. ಅದನ್ನೂ ನಗುವಿನ ನೀರೆಂದುಕೊಂಡೆ.

ಆ ಭಾನುವಾರ ಸಂಜೆಯ ಬದಲು ಬೆಳಿಗ್ಗೆ ಹೋದೆ. ಅಮ್ಮ ಮಡಿಯಲ್ಲಿ ದೇವರ ಮನೆಯಿಂದ ಬಂದರು. ಕೈಯಲ್ಲಿ ತಾಮ್ರದ ಚೊಂಬು. ಉದ್ಧರಣೆಯಲ್ಲಿ ತೀರ್ಥ ತೆಗೆದು ಮೇಷ್ಟ್ರ ಬಾಯಿಗೆ ಹಿಡಿದರು. ತುಟಿ ಬಿಗಿಯಿತು, ಬೆರಳು ಕುಟ್ಟಿತು. ನಿಟ್ಟುಸಿರಿಟ್ಟು ತೊಟ್ಟಿಯ ಹತ್ತಿರ ಹೋಗಿ, ಚೊಂಬಿನಲ್ಲಿದ್ದುದನ್ನೆಲ್ಲ ನಾನು ಎಳೆದ ಗೆರೆಯವರೆಗೆ ಸುರಿದರು.

"ಅಮ್ಮ! ಮೊದಲು ಹಾಕ್ತಿದ್ದ ಸ್ಟೀಲ್ ಚೊಂಬು ಎಲ್ಲಿ?"

"ಶ್ರಾವಣದಿಂದ ವ್ರತ ಹಿಡಿದಿದೀನಪ್ಪ. ರಾತ್ರಿಯೇ ತಾಮ್ರದಲ್ಲಿ ತುಳಸಿ ಹಾಕಿಡ್ತೀನಿ. ಇವರಿಗೊಂದು ಉದ್ಧರಣೆ, ಮಿಕ್ಕಿದ್ದು ಇದಕ್ಕೆ. ತೀರ್ಥ ಬಚ್ಚಲಿಗೆ ಚೆಲ್ಲೋಕಾಗುತ್ತಾ, ಕಾಲಿಗೆ ಸಿಗಬಾರದು. ರಾತ್ರಿ ಇಟ್ಟ ನೀರು, ದಿನಕ್ಕೊಂದು ಚೊಂಬು, ನೀನೇ ಅಂದ್ಯಲ್ಲ?"

ಚೊಂಬು ತೆಗೆದುಕೊಂಡು ಒಳಗೆ ನೋಡಿದೆ. ಕಂಠದ ಸುತ್ತ ತೆಳ್ಳಗೆ ಹಸಿರು ಕಿಲುಬು. ಹವಳವೂ ನೀರಿನ ಹುಳುವೇ. ಆ ಹುಳುವಿಗೆ ಒಂದು ತಿಂಗಳಿಂದ ನಮೋ ನಮಃ ಹೇಳುತ್ತಿದ್ದೆವು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ದಿನಾ ಪಾಠ ಮಾಡಿದ್ದರು. ಆ ಪಾಠವನ್ನೇ ನಾನು ಅವರ ದನಿಯಲ್ಲಿ ಅವರಿಗೇ ಒಪ್ಪಿಸಿ ಅಮ್ಮನನ್ನು ನಗಿಸಿದ್ದೆ.

ಅಂದೇ ನೀರೆಲ್ಲ ಬದಲಾಯಿಸಿದೆ. ತಡವಾಗಿತ್ತು. ಗುರುವಾರದ ಹೊತ್ತಿಗೆ ತೊಟ್ಟಿಯಲ್ಲಿ ಒಂದು ಬಿಳಿ ಕಲ್ಲಿತ್ತು.

ತಾಮ್ರದ ವಿಷಯ ತಿಳಿದ ಅಮ್ಮ ಮೇಷ್ಟ್ರ ಕುರ್ಚಿಯ ಪಕ್ಕ ಕೂತು, "ಸಂಜೀವ, ಇವರ ದನಿಯಲ್ಲಿ ಒಂದ್ಮಾತು ಹೇಳೋ. 'ಕಮಲಾ, ನಿನ್ನ ತಪ್ಪಲ್ಲ' ಅಂತ," ಎಂದರು.

ಕನ್ನಡಕ ಇಳಿಸಿದೆ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. ಬಂದದ್ದು ನನ್ನದೇ ದನಿ.

"ಯಾವ ಚೊಂಬು ಅಂತ ನಾನು ಹೇಳ್ಬೇಕಿತ್ತಮ್ಮ."

ಮರುದಿನ ಅಮ್ಮ ಸ್ಟೀಲ್ ಲೋಟದಲ್ಲಿ ತೀರ್ಥ ತಂದರು. ಮೇಷ್ಟ್ರು ತಾವಾಗಿಯೇ ಬಾಯಿ ತೆರೆದು ಕುಡಿದರು. ಸಂಜೆ ಆರಕ್ಕೆ ಅಭ್ಯಾಸದಂತೆ ಅಮ್ಮ ತೊಟ್ಟಿಯ ದೀಪ ಹಾಕಿದರು. ಬೆರಳು ಕುರ್ಚಿಯ ಕೈಯ ಮೇಲೆ ಹಾಗೇ ಬಿದ್ದಿತ್ತು.