ಐಸಕ್ಕನ ಅಂಗೈ

ಬೀದಿಗೆಲ್ಲ ಅವನು ಬನ್ನಣ್ಣ. ಬೇಕರಿಯ ಸೌದೆ ಒಲೆಯ ಬಾಯಿಗೆ ಮುಖ ಕೊಟ್ಟು ಬ್ರೆಡ್ಡು, ಬನ್ನು ಬೇಯಿಸುತ್ತಲೇ ತಲೆ ನರೆತಿತ್ತು. ಅಷ್ಟು ವರ್ಷದ ಶಾಖ ಬಡಿದರೆ ಕಣ್ಣು ಸುಮ್ಮನಿರುತ್ತದೆಯೇ? ಕೆಲಸ ಮುಗಿಯುವ ಹೊತ್ತಿಗೆ ಎರಡೂ ಕೆಂಡ. ಮಾಲೀಕನಿಗೋ ಕೆಂಪು ಕಣ್ಣು ಕಂಡರಾಗದು. ಹಿಂದೊಮ್ಮೆ ಯಾವನೋ ಕುಡಿದು ಬಂದು ಒಲೆಯ ಮುಂದೆ ಮುಗ್ಗರಿಸಿದ್ದನಂತೆ. ಅಂದಿನಿಂದ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರು ಸೈ ಅಂದವರಿಗಷ್ಟೇ ಒಲೆ ಕೆಲಸ. ಕುಡಿದವನೊಬ್ಬ, ಕಣ್ಣು ತೋರಿಸಬೇಕಾದವರು ಹನಿಯೂ ಮುಟ್ಟದ ಬನ್ನಣ್ಣನಂಥವರು! ಮಾಲೀಕರ ನ್ಯಾಯವೇ ಹಾಗೆ.

ಆದರೆ ಬನ್ನಣ್ಣ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಅದರ ಗುಟ್ಟು ಇದ್ದದ್ದು ಎದುರಿನ ಐಸ್ ಕಾರ್ಖಾನೆಯಲ್ಲಿ.

ಹರೆಯದಲ್ಲಿ ಒಂದು ಮಧ್ಯಾಹ್ನ ಅವನು ಗಾಳಿಗೆಂದು ಹೊರಗೆ ಬಂದು ಕಣ್ಣುಜ್ಜುತ್ತ ನಿಂತಿದ್ದ. ಐಸ್ ಗಡ್ಡೆಗಳನ್ನು ಗಾಡಿಗೆ ಒಟ್ಟುತ್ತಿದ್ದ ಹುಡುಗಿ, "ಏನ್ರೀ, ಯಾರು ಹೊಡೆದ್ರು? ಹೀಗೆ ಅಳ್ತಿದೀರಲ್ಲ" ಎಂದಳು.

"ಅಳ್ತಿಲ್ಲ ಕಣ್ರೀ. ಒಲೆ ಶಾಖ."

"ಮುಚ್ಚಿ ಕಣ್ಣು" ಎಂದವಳೇ ಎರಡೂ ಅಂಗೈಗಳನ್ನು ಅವನ ರೆಪ್ಪೆಯ ಮೇಲಿಟ್ಟಳು. ಬನ್ನಣ್ಣನಿಗೆ ಮೈಯೆಲ್ಲ ಜುಮ್ಮೆಂದಿತು. ಕೈ ತೆಗೆಯುವಷ್ಟರಲ್ಲಿ ಕಣ್ಣಿನ ಉರಿ ಇಳಿದಿತ್ತು, ಮನಸ್ಸು ಕೈತಪ್ಪಿತ್ತು. ಮದುವೆಯ ದಿನ ಬೀದಿಯವರು "ಬೆಂಕಿಗೂ ಮಂಜಿಗೂ ಗಂಟು ಹಾಕಿದ್ರಪ್ಪ" ಎಂದು ನಕ್ಕರು. ಅವಳು ಎಲ್ಲರಿಗೂ ಐಸಕ್ಕನಾದಳು.

ಆಮೇಲೆ ಪ್ರತಿ ವರ್ಷ ತಪಾಸಣೆಯ ದಿನ ಗಂಡ ಹೆಂಡತಿ ಆಸ್ಪತ್ರೆಯ ಹಿಂದಿನ ಗೋಡೆಯ ಮರೆಯಲ್ಲಿ ಕಳ್ಳರಂತೆ ನಿಲ್ಲುತ್ತಿದ್ದರು. ಐಸಕ್ಕ ಗೋಣಿ ಚೂರಿನಲ್ಲಿ ಸುತ್ತಿ ತಂದ ಐಸನ್ನು ಅಂಗೈ ಕೊರೆಯುವ ತನಕ ಹಿಡಿದು, ಆ ಕೈಯನ್ನು ಅವನ ಕಣ್ಣಿಗೆ ಒತ್ತುತ್ತಿದ್ದಳು. ಐಸನ್ನೇ ಇಡಬಾರದೇ ಎಂದರೆ, "ರೆಪ್ಪೆ ಕಿತ್ತು ಬರುತ್ತೆ, ಸುಮ್ನಿರಿ" ಎಂದು ಗದರುತ್ತಿದ್ದಳು. ಕಣ್ಣು ಮುಚ್ಚಿ ನಿಂತವನಿಗೆ ಮಗಳ ಮೊದಲ ಹಲ್ಲು, ಮೇಲಿನ ಮನೆಯಾಕೆಯ ಜಗಳ, ಸೋರುವ ನಲ್ಲಿ, ಹೀಗೆ ಸಂಸಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ವರ್ಷದಲ್ಲಿ ಬನ್ನಣ್ಣನಿಗೆ ಅದಕ್ಕಿಂತ ಸುಖದ ಗಳಿಗೆ ಇರಲಿಲ್ಲ. 

ಈ ವರ್ಷ ಐಸಕ್ಕ ಕೆಲಸ ಬಿಟ್ಟಿದ್ದಳು. ಮಾಲೀಕನೂ ಬನ್ನಣ್ಣನ ವಯಸ್ಸು ನೋಡಿ, "ಈ ಸಲ ಡಾಕ್ಟ್ರು ಬೇಡ ಅಂದ್ರೆ ಮನೇಲಿ ಆರಾಮಾಗಿರಿ" ಎಂದಿದ್ದ. ಆರಾಮ! ಒಲೆ ಬಿಟ್ಟರೆ ಬನ್ನಣ್ಣನಿಗೆ ಉಸಿರಾಡಲೂ ಬರುವುದಿಲ್ಲ. ಐಸಕ್ಕ ಎಲ್ಲಿಂದಲೋ ಐಸು ತಂದಳು, ಮತ್ತೆ ಅದೇ ಗೋಡೆಯ ಹಿಂದೆ ನಿಂತರು. ಕಣ್ಣ ಮೇಲಿನ ಅಂಗೈ ಸಣ್ಣಗೆ ನಡುಗುತ್ತಿತ್ತು. "ವಯಸ್ಸಾಯ್ತಲ್ರೀ" ಎಂದು ಅವಳು ನಕ್ಕುಬಿಟ್ಟಳು.

ಒಳಗೆ ಹೊಸ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, "ಒಲೆ ಮುಂದೆ ಇದ್ದೂ ಕಣ್ಣು ಇಷ್ಟು ಬೆಳ್ಳಗಿದೆಯಲ್ಲ!" ಎಂದು ಬೆರಗಾದರು. "ಶಾಖ ತಾಗಿದ್ರೆ ಕಣ್ಣಿನ ರಕ್ತನಾಳ ಹಿಗ್ಗುತ್ತೆ, ರಕ್ತ ಹೆಚ್ಚು ಹರಿಯುತ್ತೆ. ಕೆಂಪಾಗೋದು ಅದಕ್ಕೇ. ತಂಪು ತಾಗಿದ್ರೆ ನಾಳ ಮುದುಡಿಕೊಳ್ಳುತ್ತೆ."

"ತಂಪಿಗೇನು ಕಮ್ಮಿ? ನಮ್ಮನೆಯವಳು ಐಸ್ ಕಾರ್ಖಾನೇಲಿ ಇದ್ದವಳು. ಅವಳಿಗೆ ತಂಪು ಅಂದ್ರೆ ಲೆಕ್ಕಕ್ಕೇ ಇಲ್ಲ" ಎಂದು ಬನ್ನಣ್ಣ ಬೀಗಿದ.

"ಹಾಗಂತ ಅವರು ಹೇಳಿದ್ರಾ? ವರ್ಷಗಟ್ಟಲೆ ಐಸ್ ಹಿಡಿದವರ ಬೆರಳಲ್ಲೂ ನಾಳ ಹೀಗೇ ಮುದುಡುತ್ತೆ. ರಕ್ತ ಓಡದೆ ಬಿಳಿಚಿಕೊಂಡು ಮರಗಟ್ಟುತ್ತೆ. ಮತ್ತೆ ರಕ್ತ ನುಗ್ಗುವಾಗ ಸೂಜಿ ಚುಚ್ಚಿದ ಹಾಗೆ ನೋವು."

ಬನ್ನಣ್ಣ ತೆರೆದ ಬಾಗಿಲಿನಾಚೆ ನೋಡಿದ. ಬೆಂಚಿನ ಮೇಲೆ ಐಸಕ್ಕ ಎರಡೂ ಕೈಗಳನ್ನು ಶಾಲಿನೊಳಗೆ ಕಂಕುಳಲ್ಲಿ ಅಮುಕಿಕೊಂಡು, ತುಟಿ ಕಚ್ಚಿ ಕೂತಿದ್ದಳು. ಗಂಡ ನೋಡುತ್ತಿಲ್ಲ ಎಂದುಕೊಂಡಿದ್ದಳು. ಅವನು ನೋಡಿದ್ದಾದರೂ ಯಾವತ್ತು? ಆ ಕೈಗಳು ಮುಖದ ಮೇಲಿದ್ದಾಗೆಲ್ಲ ಅವನ ಕಣ್ಣು ಮುಚ್ಚಿರುತ್ತಿತ್ತು. ಬಿಡುವಷ್ಟರಲ್ಲಿ ಅವು ಶಾಲಿನೊಳಗೆ ಸೇರಿರುತ್ತಿದ್ದವು.

"ಡಾಕ್ಟ್ರಮ್ಮಾ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ನೋಡಿ. ಈ ಬಿಳುಪು ನನ್ನದಲ್ಲ" ಎಂದು ಎಲ್ಲವನ್ನೂ ಹೇಳಿಬಿಟ್ಟ.

ಮಾತು ಕಿವಿಗೆ ಬಿದ್ದದ್ದೇ ತಡ, ಐಸಕ್ಕ ಧಾವಿಸಿ ಬಂದಳು. "ತಲೆ ಕೆಟ್ಟಿದೆಯೇನ್ರೀ ನಿಮಗೆ? ಒಲೆ ಬಿಟ್ಟು ಎರಡು ದಿನ ಇರ್ತೀರಾ?"

"ಇರ್ತೀನಿ."

"ಮನೇಲಿ ಕೂತು ಏನು ಕಡಿದು ಹಾಕ್ತೀರಿ?"

"ನಿನ್ನ ಕೈ ನೋಡ್ಕೊಂಡು ಕೂತಿರ್ತೀನಿ. ತೆಗಿಯೇ ಹೊರಗೆ."

ಐಸಕ್ಕ ಹಿಂಜರಿಯುತ್ತ ಕೈಗಳನ್ನು ಶಾಲಿನಿಂದ ಈಚೆಗೆ ತೆಗೆದಳು. ಬುಡದವರೆಗೂ ಬಿಳಿಚಿ, ತುದಿಯಲ್ಲಿ ನೀಲಿಗಟ್ಟಿದ್ದ ಬೆರಳುಗಳನ್ನು ಬನ್ನಣ್ಣ ಒಂದೊಂದಾಗಿ ನೋಡಿದ. ಅವನ ಕಣ್ಣು ಕೆಂಪಾಗಲೆಂದು ಡಾಕ್ಟರಮ್ಮ ಕಾಯಬೇಕಾಗಲಿಲ್ಲ.