ಚಾವಡಿಯಲ್ಲೊಂದು ಸಮುದ್ರ

ಸಮುದ್ರದಿಂದ ಬಹಳ ದೂರ ಒಂದೂರಿತ್ತು. ಎಷ್ಟು ದೂರ ಅಂದ್ರೆ, ಅಲ್ಲಿನ ಮಕ್ಕಳು ಸಮುದ್ರದ ಚಿತ್ರ ಬರೆದ್ರೆ ಅದಕ್ಕೂ ಕಲ್ಯಾಣಿ ಥರ ನಾಲ್ಕು ಕಡೆ ಮೆಟ್ಟಿಲು ಬರೀತಿದ್ರು. ದೊಡ್ಡವರು ನೋಡಿ, ಮೆಟ್ಟಿಲು ಇನ್ನೂ ಜಾಸ್ತಿ ಇರುತ್ತೆ ಕಣೋ ಅಂತ ತಿದ್ದುತಿದ್ರು.

ಆ ಊರಿಗೆ ಒಂದಿನ ಕರಾವಳಿ ಕಡೆಯ ವ್ಯಾಪಾರಿಯೊಬ್ಬ ಗಾಡಿ ಹೊಡ್ಕೊಂಡು ಬಂದ. ಗಾಡೀಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ, ಮೂಟೆ ಮೂಟೆ ಕಡಲುಪ್ಪು, ಬಿಳೀ ಮರಳು, ಒದ್ದೆ ಗೋಣಿ ಸುತ್ತಿದ ತೂತು ತೂತಾದ ಕಲ್ಲುಗಳು. "ನಿಮ್ಮೂರಲ್ಲೇ ಒಂದು ಸಣ್ಣ ಸಮುದ್ರ ಮಾಡ್ಕೊಳ್ಳಿ," ಅಂದ. ಊರಿಗೆ ಊರೇ ಕುಣಿದಾಡ್ತು. ಊರ ಯಜಮಾನರು ಚಾವಡಿ ನಡುವೆ ಜಾಗ ಮಾಡಿಸಿದ್ರು. ಉಸ್ತುವಾರಿ ಯಾರು ನೋಡ್ಕೋತೀರಿ ಅಂತ ಅವರು ಕೇಳಿ ಮುಗಿಸೋದ್ರೊಳಗೆ ಚಲುವಮ್ಮನ ಕೈ ಮೇಲಿತ್ತು. ಪಕ್ಕದ ಮನೆ ಹಸು ಕರು ಹಾಕುತ್ತೆ ಅಂದ್ರೂ ನಿದ್ದೆ ಬಿಟ್ಟು ಕೂರೋ ಹೆಂಗಸು ಅವಳು. ಇನ್ನು ಸಮುದ್ರ ಅಂದ್ರೆ ಕೇಳ್ಬೇಕಾ?

ಉಪ್ಪು ಕರಗಿಸಿದ್ರು, ಮರಳು ಹಾಸಿದ್ರು, ಕಲ್ಲು ಜೋಡಿಸಿದ್ರು. ಚಲುವಮ್ಮ ಸೆರಗು ಕಟ್ಟಿ ನಿಂತು, "ಎಲ್ಲಪ್ಪ ಮೀನು?" ಅಂದ್ಲು.

"ಈಗ್ಲೇ ಬೇಡಮ್ಮ," ಅಂದ ವ್ಯಾಪಾರಿ. "ಮೊದಲು ಕಣ್ಣಿಗೆ ಕಾಣದೋರು ಬಂದು ಈ ಕಲ್ಲುಗಳಲ್ಲಿ ಒಕ್ಕಲಾಗ್ಬೇಕು. ಮೀನಿನ ಹೊಲಸು ತಿನ್ನೋರು ಅವ್ರೇ. ಅವ್ರಿಲ್ದೆ ಮೀನು ಬಿಟ್ರೆ, ಅದು ತನ್ನ ಹೊಲಸಲ್ಲೇ ಸಾಯುತ್ತೆ." ಕೊಳೆತ ಸಿಗಡಿ ಚೂರೊಂದನ್ನ ನೀರಿಗೆ ಹಾಕ್ದ. ಅದು ಆ ಕಾಣದೋರ ಊಟವಂತೆ. ಆಮೇಲೆ ಕೆಂಪು ಗೆರೆ ಇರೋ ಒಂದು ಗಾಜಿನ ಕಡ್ಡಿ ತೇಲಿಬಿಟ್ಟ. "ಈ ಗೆರೆ ನೀರಿನ ಮಟ್ಟಕ್ಕೆ ಸರಿಯಾಗಿ ನಿಂತಿದ್ರೆ ಎಲ್ಲಾ ಕ್ಷೇಮ. ನೀರು ತಿಳಿಯಾಗೋ ಹೊತ್ತಿಗೆ ಮೀನು ತರ್ತೀನಿ," ಅಂತ ಹೇಳಿ ಗಾಡಿ ತಿರುಗಿಸ್ದ.

ಸಿಗಡಿ ನಾತ ಹೊಡೀತು. ಚಾವಡಿಯಲ್ಲಿ ನ್ಯಾಯ ಪಂಚಾಯ್ತಿ ಅಷ್ಟು ಬೇಗ ಮುಗಿದದ್ದನ್ನ ಆ ಊರು ಯಾವತ್ತೂ ಕಂಡಿರಲಿಲ್ಲ. ಮೂಗು ಮುಚ್ಕೊಂಡು ಬಂದೋರು ಮೂಗು ಮುಚ್ಕೊಂಡೇ ರಾಜಿ ಆಗಿ ಹೋಗ್ತಿದ್ರು. ಆಮೇಲೆ ಕಲ್ಲಿಗೆಲ್ಲ ಕಂದು ಲೋಳೆ ಹಿಡೀತು. ಬೀದಿ ಹೆಂಗಸರು ತೆಂಗಿನ ನಾರು ಹಿಡ್ಕೊಂಡು ಬಂದೇಬಿಟ್ರು.

"ಏನ್ ಚಲುವಕ್ಕ, ನಿನ್ನ ಸಮುದ್ರಕ್ಕೆ ಸ್ನಾನ ಮಾಡ್ಸಿ ಎಷ್ಟು ದಿನ ಆಯ್ತು?"

"ಮುಟ್ಬೇಡ್ರೇ. ಬಂದೋರು ಅಲ್ಲೇ ಕೂತು ಕೆಲಸ ಮಾಡ್ತಿದ್ದಾರೆ."

"ಯಾರು? ಯಾರೂ ಕಾಣ್ತಿಲ್ಲ."

"ಅವ್ರು ಕಾಣಲ್ಲ."

"ಹಂಗಾದ್ರೆ ನಮ್ಮನೆಯವ್ರ ಥರಾನೇ. ಕೆಲಸದ ಹೊತ್ತಿಗೆ ಅವ್ರೂ ಕಾಣಲ್ಲ."

ಎಲ್ರೂ ನಕ್ಕರು. ಚಲುವಮ್ಮ ಮಾತ್ರ ನಾರು ಕಿತ್ಕೊಂಡು ಇಟ್ಕೊಂಡ್ಲು. ದಿನಾ ಎದ್ದ ತಕ್ಷಣ ಓಡಿಬಂದು ಗಾಜಿಗೆ ಮೂಗು ಒತ್ತಿ ನೋಡೋಳು. ಕಂದು ಹೋಗಿ ಹಸಿರಾಯ್ತು, ಹಸಿರೂ ತೆಳುವಾಯ್ತು. ಒಂದು ಬೆಳಗ್ಗೆ ನೋಡ್ತಾಳೆ, ನಾತ ಇಲ್ಲ. ನೀರು ಇದೆಯೋ ಇಲ್ವೋ ಅನ್ನೋಷ್ಟು ತಿಳಿ. ಅವಳು ಎಂಥಾ ಕೂಗು ಹಾಕಿದ್ಲು ಅಂದ್ರೆ, ಎಲ್ಲೋ ಬೆಂಕಿ ಬಿದ್ದಿದೆ ಅಂತ ಅರ್ಧ ಊರು ಬಿಂದಿಗೆ ಹಿಡ್ಕೊಂಡು ಬಂತು.

ವ್ಯಾಪಾರಿ ಹೇಳ್ದ ಹಾಗೇ ಮತ್ತೆ ಬಂದ. ಬಿಳೀ ಪಟ್ಟೆಯ ಎರಡು ಕಿತ್ತಳೆ ಮೀನು, ಹೂವಿನಂಗೆ ಅರಳೋ ಒಂದು ಹವಳ ಬಿಟ್ಟು ಹೋದ. ಆ ದಿನ ಎಲ್ರೂ ಚಾವಡೀಲೇ ನೋಡ್ತಾ ಕೂತು, ಊರಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಸಣ್ಣ ಮೀನು ಬಂದು ಗಾಜಿನಾಚೆಯಿಂದ ಚಲುವಮ್ಮನ ಬೆರಳು ಮೂಸಿತು. ತನಗೆ ಈ ಜನ್ಮದಲ್ಲಿ ಇಷ್ಟು ಸಾಕು ಅಂತ ಅವಳಿಗೆ ಅನ್ನಿಸ್ತು.

ಆದ್ರೆ ದಿನಾ ನೀರು ಒಂದೊಂದು ಬೆರಳು ಇಳೀತಿತ್ತು. ಬಿಸಿಲೂರು, ನೀರು ಆರುತ್ತೆ. ಎಷ್ಟು ಇಳಿದ್ರೆ ಅಷ್ಟು ತುಂಬ್ಬೇಕು. ಚಲುವಮ್ಮ ಉತ್ಸಾಹದಲ್ಲಿ ಜಗಲಿ ಹತ್ತಿ ನಿಂತು ಸಾರಿದ್ಲು: "ಸಮುದ್ರಕ್ಕೆ ಉಪ್ಪುನೀರೇ ಹಾಕ್ಬೇಕು. ಬಾವಿ ನೀರು ಒಂದು ತೊಟ್ಟು ಬಿದ್ರೂ ನಮ್ಮ ಸಮುದ್ರ ಕೆರೆಯಾಗಿ ಹೋಗುತ್ತೆ." ಜನಕ್ಕೆ ಮೈ ಜುಮ್ ಅಂತು. ಯಜಮಾನರು ಆ ಮಾತನ್ನ ಚಾವಡಿ ಗೋಡೆ ಮೇಲೆ ಬರೆಸಿದ್ರು. ಮನೆಮನೆಗೂ ಉಪ್ಪು ಹಂಚಿದ್ರು. ಸರದಿ ಪ್ರಕಾರ ಒಂದೊಂದು ಬೀದಿಯೋರು ಉಪ್ಪುನೀರಿನ ಕೊಡ ತಂದು ಸುರಿಯೋಕೆ ಶುರು ಮಾಡಿದ್ರು. ತಕ್ಕಡಿ ಮಾಡೋ ಶ್ರೀಕಂಠಯ್ಯನವರಂತೂ ಉಪ್ಪನ್ನ ತೂಗಿ, ಕರಗಿಸಿ, ಬಿಳೀ ಬಟ್ಟೇಲಿ ಸೋಸಿ, ಕೊಡವನ್ನ ಎದೆಗಪ್ಪಿಕೊಂಡು ತರ್ತಿದ್ರು.

ಗಾಜಿನ ಕಡ್ಡಿ ಮೇಲೇಳೋಕೆ ಶುರುವಾಯ್ತು. ಕೆಂಪು ಗೆರೆ ನೀರು ಬಿಟ್ಟು ಮೇಲೆ ಬಂತು. "ಏರ್ತಿದೆ, ಏರ್ತಿದೆ," ಅಂತ ಜನ ಚಪ್ಪಾಳೆ ತಟ್ಟಿದ್ರು. ಯಜಮಾನರು, "ನಮ್ಮ ಸಮುದ್ರ ದಿನಾ ಬೆಳೀತಾ ಇದೆ," ಅಂತ ಭಾಷಣ ಮಾಡಿದ್ರು.

ಚಲುವಮ್ಮನೂ ಚಪ್ಪಾಳೆ ತಟ್ಟಿದ್ಲು. ಆದ್ರೆ ಹವಳ ಮುದುರಿಕೊಂಡಿತ್ತು. ಮೀನುಗಳು ಕಲ್ಲಿನ ಸಂದಿ ಬಿಟ್ಟು ಬರ್ತಿರಲಿಲ್ಲ. ಒಂದು ಮಧ್ಯಾಹ್ನ ತೊಟ್ಟಿಯ ಅಂಚಲ್ಲಿ ಬೆಳ್ಳಗೆ ಕಟ್ಟಿದ್ದನ್ನ ಉಗುರಲ್ಲಿ ಕೆರೆದು ನಾಲಿಗೆಗೆ ಹಚ್ಚಿದ್ಲು. ಬರೀ ಉಪ್ಪು. ಬಿಸಿಲಿಗೆ ಹೋಗೋದು ನೀರು ಮಾತ್ರ. ಉಪ್ಪು ಎಲ್ಲೂ ಹೋಗಲ್ಲ, ಅದು ಹೆಚ್ಚಾದಷ್ಟೂ ಕಡ್ಡಿ ಏರುತ್ತೆ. ಅಂದ್ರೆ ನಾನು ಊರಿಗೆ ಊರನ್ನೇ ಹಚ್ಚಿ ಮೀನಿಗೆ ದಿನಾ ಉಪ್ಪು ಹಾಕಿಸ್ತಿದ್ದೀನಿ, ಉಪ್ಪಿನಕಾಯಿ ಹಾಕೋ ಥರ.

ಗೋಡೆ ಮೇಲೆ ಅವಳ ಮಾತೇ ಇತ್ತು, ಮೊಳದುದ್ದದ ಅಕ್ಷರದಲ್ಲಿ. ತಪ್ಪಾಯ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ. ಊರು ಊಟ ಮಾಡಿ ಮಲಗಿದ ಹೊತ್ತಲ್ಲಿ ಒಂದು ಕೊಡ ಸಮುದ್ರ ಮೊಗೆದು ಹಿತ್ತಲಿಗೆ ಚೆಲ್ಲಿದ್ಲು, ಒಂದು ಕೊಡ ಬಾವಿ ನೀರು ತಂದು ಸುರಿದ್ಲು. ಮತ್ತೆ ಮಾರನೇ ದಿನ. ಮತ್ತೆ ಅದರ ಮಾರನೇ ದಿನ. ಕಡ್ಡಿ ಇಳೀತಾ ಬಂತು. ಅವಳು ಸುರಿದದ್ದಕ್ಕಿಂತ ಬೇಗ ಬೇಗ ಇಳೀತು. ಗೆರೆಗೆ ಬಂದು ನಿಂತೂ ಬಿಡ್ತು. ಆಮೇಲೆ ಅವಳು ಕದ್ದು ನೀರು ತರೋದನ್ನ ನಿಲ್ಲಿಸಿದ್ರೂ ಅದು ಗೆರೆ ಬಿಟ್ಟು ಏಳಲೇ ಇಲ್ಲ. ಹವಳ ಅರಳಿತು, ಮೀನು ಮತ್ತೆ ಬೆರಳು ಮೂಸಿತು. ಇದು ಹೇಗೆ ಅಂತ ಅವಳು ಕೇಳ್ಕೊಳ್ಳಲಿಲ್ಲ. ಒಳ್ಳೇದು ನಡೀತಿರೋವಾಗ ಯಾರು ತಾನೇ ಕೇಳ್ತಾರೆ? "ಎಲ್ಲಾ ಉಪ್ಪುನೀರಿನ ಮಹಿಮೆ," ಅಂದ್ರು ಯಜಮಾನರು.

ಎಲ್ಲಾ ಚೆನ್ನಾಗಿತ್ತು, ಒಂದು ಬೆಳಗ್ಗೆ ಚಾವಡಿ ಮೆಟ್ಟಿಲ ಮೇಲೆ ಚೆಲ್ಲಿದ್ದ ನೀರನ್ನ ಬೀದಿ ನಾಯಿಯೊಂದು ನೆಕ್ಕೋವರೆಗೆ. ಅದು ಪೂರ್ತಿ ನೆಕ್ಕಿ, ಇನ್ನೂ ಇದೆಯಾ ಅನ್ನೋ ಹಂಗೆ ಬಾಲ ಆಡಿಸ್ತು.

"ಉಪ್ಪುನೀರನ್ನ ನಾಯಿ ಕುಡಿಯುತ್ತೇನ್ರೀ?" ಅಂದ್ರು ಯಾರೋ.

ಯಜಮಾನರ ಮುಖ ಕೆಂಪಾಯ್ತು. "ನಮ್ಮಲ್ಲೇ ಯಾರೋ ಸಮುದ್ರಕ್ಕೆ ಸಪ್ಪೆ ನೀರು ಬೆರೆಸ್ತಿದ್ದಾರೆ. ನಾಳೆ ಎಲ್ಲಾ ಮನೆಯೋರೂ ಕೊಡ ತರ್ಬೇಕು. ಚಲುವಮ್ಮ ಒಂದೊಂದನ್ನೂ ರುಚಿ ನೋಡ್ತಾಳೆ. ಸಿಕ್ಕಿಬಿದ್ದೋರಿಗೆ ಚಾವಡಿ ಮೆಟ್ಟಿಲು ಬಂದ್."

ಮೆಟ್ಟಿಲ ಮೇಲೆ ನೀರು ಚೆಲ್ಲಿದ್ದು ಚಲುವಮ್ಮ ಅಲ್ಲ. ಹಾಗಾದ್ರೆ ಇನ್ನೊಬ್ರು ಇದ್ದಾರೆ. ಅವಳ ಮೀನನ್ನ ಉಳಿಸಿರೋದು ಆ ಇನ್ನೊಬ್ರೇ. ಅವರನ್ನ ನಾಳೆ ಅವಳ ನಾಲಿಗೇನೇ ಹಿಡ್ಕೊಡ್ಬೇಕು.

ಮಾರನೇ ದಿನ ಕೊಡಗಳ ಸಾಲು ಬಾವಿ ತನಕ ಇತ್ತು. ಮೊದಲನೇ ಕೊಡ ಯಜಮಾನರದ್ದೇ. ಚಲುವಮ್ಮ ಬೆರಳು ಅದ್ದಿ ನಾಲಿಗೆಗಿಟ್ಲು. ಸಪ್ಪೆ. ಅವಳು ತಲೆ ಎತ್ತಿದ್ಲು. ಯಜಮಾನರು ಗೋಡೆ ಮೇಲಿನ ಬರಹ ಓದೋದ್ರಲ್ಲಿ ಮುಳುಗಿದ್ರು.

"ಉಪ್ಪಿದೆ," ಅಂದ್ಲು ಚಲುವಮ್ಮ.

ಎರಡನೇ ಕೊಡ, ಸಪ್ಪೆ. ಆ ಹೆಂಗಸು ಒಂದು ಗಳಿಗೆ ಮೀನುಗಳ ಕಡೆ ನೋಡಿ ನೆಲ ನೋಡಿದ್ಲು. "ಉಪ್ಪಿದೆ." ಮೂರನೇದೂ ಸಪ್ಪೆ. ಮೇಲಿನ ಬೀದಿ ಸಪ್ಪೆ, ಕೆಳಗಿನ ಬೀದಿ ಸಪ್ಪೆ. ಒಬ್ಬೊಬ್ರೂ ತಾವೊಬ್ರೇ ಕಳ್ಳರು ಅನ್ನೋ ಮುಖ ಹೊತ್ತು ಬಂದು, ಅವಳ ಮಾತು ಕೇಳಿ ಉಸಿರು ಬಿಟ್ಟು ಪಕ್ಕಕ್ಕೆ ಹೋಗಿ ನಿಲ್ತಿದ್ರು. ಚಲುವಮ್ಮನಿಗೆ ಕುಣೀಬೇಕು ಅನ್ನಿಸ್ತು. ಇಡೀ ಊರು ತನ್ನ ಹಾಗೇ. "ಉಪ್ಪಿದೆ, ಉಪ್ಪಿದೆ," ಅನ್ನೋ ಅವಳ ದನಿ ಹಾಡಿನಂಗೆ ಆಗ್ತಾ ಹೋಯ್ತು.

ಕೊನೇಲಿ ಶ್ರೀಕಂಠಯ್ಯನವರು ಕೊಡ ಇಳಿಸಿದ್ರು. ಅವಳು ಬೆರಳು ಅದ್ದಿದ್ಲು. ನಾಲಿಗೆ ಚುರ್ ಅಂತು, ಕಣ್ಣಲ್ಲಿ ನೀರು ಬಂತು.

"ತೂಗಿ ಹಾಕಿದ್ದೀನಮ್ಮ, ಒಂದು ಗುಲಗಂಜಿ ಕಮ್ಮಿ ಇಲ್ಲ," ಅಂದ್ರು ಅವರು ಸಂತೋಷವಾಗಿ. "ಎಲ್ಲರದ್ದೂ ಇಷ್ಟೇ ಉಪ್ಪಿತ್ತಾ? ನಾನೂ ಒಂದೊಂದು ಹನಿ ನೋಡ್ಲಾ? ಆ ಕಳ್ಳ ಯಾರು ಅಂತ ಗೊತ್ತಾಗುತ್ತೆ."

ಪಕ್ಕದಲ್ಲಿ ನಿಂತಿದ್ದೋರೆಲ್ಲ ತಮ್ಮ ತಮ್ಮ ಕೊಡದ ಬಾಯಿಗೆ ಕೈ ಅಡ್ಡ ಇಟ್ರು. ಚಲುವಮ್ಮ ಹವಳದ ಕಡೆ ನೋಡಿದ್ಲು, ಜನರ ಕಡೆ ನೋಡಿದ್ಲು.

"ಶ್ರೀಕಂಠಯ್ಯನೋರೇ," ಅಂದ್ಲು. "ಇದು ಸಪ್ಪೆ."

"ಏನಮ್ಮ?"

ಯಜಮಾನರು ಮುಂದೆ ಬಂದು ಬೊಗಸೆ ತುಂಬ ಕುಡಿದ್ರು. ಕೆಮ್ಮು ಬಂತು, ನುಂಗಿಕೊಂಡ್ರು. "ಹೌದು. ಸಪ್ಪೆ." ಪಕ್ಕದಲ್ಲಿದ್ದೋರೂ ಬಂದು ಒಂದೊಂದು ಗುಟುಕು ಕುಡಿದು, ಕಣ್ಣೊರೆಸಿಕೊಂಡು, "ಶುದ್ಧ ಸಪ್ಪೆ," ಅಂದ್ರು. ಕೊನೆಗೆ ಶ್ರೀಕಂಠಯ್ಯನವರೂ ತಮ್ಮ ಕೊಡದ ನೀರು ಕುಡಿದ್ರು. ಬಗ್ಗಿ ಕೊಡದೊಳಗೆ ಇಣುಕಿ ನೋಡಿದ್ರು.

"ನನಗೆ ವಯಸ್ಸಾಯ್ತು ಅನ್ಸುತ್ತೆ," ಅಂದ್ರು. "ಸರಿಯಾದ ಉಪ್ಪುನೀರು ಹೇಗಿರುತ್ತೆ, ನೀವೇ ತೋರಿಸ್ಕೊಡಿ."

ಮೆಟ್ಟಿಲು ಬಂದ್ ಮಾಡೋದು ಬೇಡ, ಪಾಪ, ಕಲೀಲಿ ಅಂತ ಎಲ್ರೂ ಒಪ್ಪಿದ್ರು. ಚಲುವಮ್ಮ ಅವರ ಕೊಡ ದೂರ ಚೆಲ್ಲಿ, ಕೈ ಹಿಡ್ಕೊಂಡು ಬಾವಿಕಟ್ಟೆಗೆ ಕರ್ಕೊಂಡು ಹೋದ್ಲು. ಒಂದು ಕೊಡ ಸೇದಿ ಮುಂದಿಟ್ಟು, "ಇದು ನೋಡಿ, ಉಪ್ಪುನೀರು ಅಂದ್ರೆ," ಅಂದ್ಲು.

ಶ್ರೀಕಂಠಯ್ಯನವರು ಬೊಗಸೆ ಒಡ್ಡಿ ಒಂದು ಗುಟುಕು ಕುಡಿದ್ರು. ಸುತ್ತ ನಿಂತಿದ್ದ ಊರನ್ನೆಲ್ಲ ಒಂದು ಸಲ ನೋಡಿದ್ರು. ನಿಧಾನಕ್ಕೆ ಮುಖ ಕಿವುಚಿಕೊಂಡ್ರು.

"ಹೌದಮ್ಮ," ಅಂದ್ರು. "ಎಂಥಾ ಉಪ್ಪು."

ಎರಡನೇ ಗುಟುಕು ಕುಡಿಯೋಕೆ ಹೋದ್ರು. ಅವರ ಗಂಟಲಲ್ಲಿ ಅದು ನಿಜವಾಗ್ಲೂ ಇಳೀಲಿಲ್ಲ.